ಎಂಟನೆಯ ರಂಗೋಲಿ

ಹೇಳಿಬಿಡಲೇ? ಹೇಳಿದರೆ ಎಲ್ಲರೂ ನಗುತ್ತಾರೆ. ಗುರುಪ್ರಸಾದನಂತೂ ವರ್ಷವಿಡೀ ನಗುತ್ತಾನೆ. ಹೇಳದಿದ್ದರೆ ದೀಪ ಬರುತ್ತದೆ. ದೀಪ ಬಂದರೆ ಸಂಜೆ ಇನ್ನೂ ಐದು ಓವರ್ ಆಡಬಹುದು. ಹಾಗಾದರೆ ಹೇಳುವುದು ಯಾಕೆ?

ಕುಮಾರ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಇನ್ನೂ ಹೋಗಿರಲಿಲ್ಲ.

ಎದುರಿಗೆ, ಖಾಲಿ ಸೈಟಿನ ಮೂಲೆಯ ಹೊಂಗೆಮರದ ಕೆಳಗೆ, ಒಂದು ರಂಗೋಲಿ ಇತ್ತು. ಬೀದಿಯ ಹೆಂಗಸರೆಲ್ಲ ಅದನ್ನು ಸುತ್ತುವರಿದು ನೋಡುತ್ತಿದ್ದರು.

ನಂಜನಗೂಡಿನ ಆ ಬೀದಿಗೆ ಸರ್ಕಾರದ ಅನುದಾನ ಬಂದಿತ್ತು. ಒಡೆದ ಚರಂಡಿಗೆ ಹೊಸ ಚಪ್ಪಡಿ, ಮುಚ್ಚಿಹೋದ ಅಕ್ಕಿ ಗಿರಣಿಯ ಮುಂದೆ ಕೂರಲು ಕಲ್ಲು ಬೆಂಚು, ಮತ್ತು ಏಳು ಬೀದಿದೀಪ. ಏಳೇ ಏಳು. ಅವುಗಳನ್ನು ಎಲ್ಲೆಲ್ಲಿ ಹಾಕಬೇಕೆಂದು ನಗರಸಭೆಯ ಇಂಜಿನಿಯರ್ ಚೈತ್ರ ಮೇಡಂ ಆಫೀಸಿನಲ್ಲಿ ಕುಳಿತು ತೀರ್ಮಾನ ಮಾಡಲಿಲ್ಲ. ಹಿಂದಿನ ದಿನ ಮನೆಮನೆಗೂ ಬಂದಿದ್ದರು.

"ಕತ್ತಲಾದ ಮೇಲೆ ಎಲ್ಲಿ ನಡೆಯೋಕೆ ನಿಮಗೆ ಭಯ ಆಗುತ್ತೋ, ನಾಳೆ ಬೆಳಿಗ್ಗೆ ಅಲ್ಲಿ ಒಂದು ರಂಗೋಲಿ ಇಡಿ. ಅರ್ಜಿ ಬೇಡ. ಯಾರು ಇಟ್ಟಿದ್ದು ಅಂತಾನೂ ನಾನು ಕೇಳಲ್ಲ" ಎಂದಿದ್ದರು. ಆಮೇಲೆ, "ನರಸೀಪುರದಲ್ಲಿ ನಮ್ಮಮ್ಮ ಹತ್ತು ವರ್ಷ ಒಂದು ಗಲ್ಲಿಗೆ ಹೆದರಿಕೊಂಡೇ ಓಡಾಡಿದ್ರು. ಯಾರಿಗೂ ಹೇಳ್ಲಿಲ್ಲ" ಎಂದಿದ್ದರು.

ಹೆಸರು ಕೇಳುವುದಿಲ್ಲ ಎಂಬ ಮಾತು ಕುಮಾರನ ಕಿವಿಗೆ ಬಿದ್ದಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಅಮ್ಮನ ಡಬ್ಬಿಯಿಂದ ಪುಡಿ ತಂದು, ತಾವು ಕ್ರಿಕೆಟ್ ಆಡುವ ಸೈಟಿನ ಮೂಲೆಯಲ್ಲಿ ಚುಕ್ಕಿ ಇಟ್ಟು ಎಳೆ ಎಳೆದಿದ್ದ. ಅಮ್ಮ ಇಡುವುದನ್ನು ನೋಡಿದಾಗ ಸುಲಭ ಅನ್ನಿಸುತ್ತಿತ್ತು. ಎಳೆಯುವಾಗ ಪುಡಿ ಒಂದು ಕಡೆ ಗುಪ್ಪೆಯಾಯಿತು, ಇನ್ನೊಂದು ಕಡೆ ಸುರಿಯಲೇ ಇಲ್ಲ.

"ಒಟ್ಟು ಎಂಟಿದೆ. ದೀಪ ಇರೋದು ಏಳು" ಎಂದರು ಚೈತ್ರ ಮೇಡಂ.

ತಾಂಡ್ಯದ ಫ್ಯಾಕ್ಟರಿಗೆ ಹೋಗುವ ಶಿವರಂಜನಿ ಬಗ್ಗಿ ನೋಡಿದಳು. "ಇದೆಂಥ ರಂಗೋಲಿ ಮೇಡಂ? ಚುಕ್ಕಿನೇ ಸಾಲಾಗಿಲ್ಲ. ಕೋಳಿ ಕೆದಕಿದಂಗಿದೆ."

ಒಬ್ಬಿಬ್ಬರು ನಕ್ಕರು. ಹೂ ಮಾರುವ ಮುದ್ದಮ್ಮಜ್ಜಿ ಮಾತ್ರ ನಗಲಿಲ್ಲ. ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತಳು. ಬೆರಳಿನಿಂದ ಒಂದು ಎಳೆಯನ್ನು ತೋರಿಸಿದಳು.

"ನಗಬ್ಯಾಡಿ ಕಣ್ರವ್ವಾ. ಎಳೆ ಎಂಗೆ ನಡುಗೈತೆ ನೋಡಿ. ಇದು ದೊಡ್ಡೋರು ಇಟ್ಟಿದ್ದಲ್ಲ. ಯಾವುದೋ ಕೂಸು ಇಟ್ಟೈತೆ."

ನಕ್ಕವರೂ ಬಗ್ಗಿ ನೋಡಿದರು. ಅಜ್ಜಿ ಮೇಡಂ ಕಡೆ ತಿರುಗಿದಳು.

"ಬಾಯಲ್ಲಿ ಏಳಕಾಗ್ದೆ ಇಲ್ಲಿ ಬಂದು ಬರದೈತೆ, ಪಾಪ. ಕೂಸಿಗೆ ಭಯ ಅಂದ್ಮ್ಯಾಕೆ ಮೊದ್ಲು ಇಲ್ಲೇ ಬೆಳಕಾಗ್ಬೇಕು. ಗಿರಣಿ ತಿರುವಲ್ಲಿರೋದು ನಂದು ಕಣವ್ವ. ಅದ ಬುಟ್ಬುಡು. ನಲವತ್ತು ವರ್ಸದಿಂದ ಓಡಾಡಿವ್ನಿ, ಆ ದಾರಿ ನನ್ ಕಾಲಿಗೇ ಗೊತ್ತು."

ಚೈತ್ರ ಮೇಡಂ ಅಜ್ಜಿಯನ್ನೇ ನೋಡಿದರು. ಪುಸ್ತಕದಲ್ಲಿ ಏನೋ ಹೊಡೆದು ಹಾಕಿ, ಏನೋ ಬರೆದುಕೊಂಡರು.

ಗುರುಪ್ರಸಾದ್ ಕುಮಾರನ ಪಕ್ಕೆಗೆ ತಿವಿದ. "ಯಾವುದೋ ಪುಕ್ಕಲು ಹುಡುಗಿ ದೆಸೆಯಿಂದ ನಮ್ ಪಿಚ್‌ಗೆ ಲೈಟು ಕಣೋ. ಲಕ್ ಅಂದ್ರೆ ಇದು."

ಕುಮಾರನಿಗೆ ನಗು ಬರಲಿಲ್ಲ.

ಅಂದು ಸಂಜೆ ಏಳು ಗಂಟೆಗೆ ಅಮ್ಮ ಹಾಲು ತರಲು ಕಳಿಸಿದಳು. ಪ್ಯಾಕೆಟ್ ಹಿಡಿದು ವಾಪಸ್ ಬರುವಾಗ ಗಿರಣಿಯ ಬಳಿ ಯಾರೋ ನಿಂತಿದ್ದು ಕಂಡಿತು. ಮುದ್ದಮ್ಮಜ್ಜಿ. ದೇವಸ್ಥಾನದ ಬಾಗಿಲಲ್ಲಿ ಹೂ ಮಾರಿ ಮುಗಿಸಿ, ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು. ಆದರೆ ತಿರುವು ದಾಟಿರಲಿಲ್ಲ. ಕತ್ತಲನ್ನೇ ನೋಡುತ್ತಾ ನಿಂತಿದ್ದಳು.

ಅವನ ಹೆಜ್ಜೆಯ ಸದ್ದಿಗೆ ಬೆಚ್ಚಿ, ಬೇಗ ಬೇಗ ಸೆರಗು ಸರಿ ಮಾಡಿಕೊಂಡಳು. "ಯಾರ್ಲಾ ಅದು? ಕುಮಾರನಾ? ಉಸ್ಸಪ್ಪ, ಕಾಲು ನೋವು ಕಣ್ಲಾ ಮಗ. ಅದುಕ್ಕೇ ನಿಂತ್ಕಂಡಿದ್ದೆ."

"ಬಾ ಅಜ್ಜಿ, ಹೋಗೋಣ."

ಅಜ್ಜಿ ಅವನ ಭುಜ ಹಿಡಿದುಕೊಂಡಳು. ಚರಂಡಿಯ ಪಕ್ಕದಲ್ಲಿ ಅಜ್ಜಿಯ ಕಾಲು ಒಂದೊಂದು ಹೆಜ್ಜೆಗೂ ನೆಲವನ್ನು ಹುಡುಕುತ್ತಿತ್ತು. ಭುಜದ ಮೇಲಿದ್ದ ಕೈ ನಡುಗುತ್ತಿತ್ತು. ಬೆಳಗಿನ ಎಳೆಗಿಂತ ಜಾಸ್ತಿ.

ದಾರಿ ಅಜ್ಜಿಯ ಕಾಲಿಗೆ ಗೊತ್ತಿರಲಿಲ್ಲ.

ಆ ರಾತ್ರಿ ಅವನು ಊಟವನ್ನು ಅರ್ಧಕ್ಕೇ ಬಿಟ್ಟ. "ಜ್ವರವೇನೋ?" ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಮಾರನೆಯ ದಿನ ಸ್ಕೂಲಿಗೆ ಹೊರಟಾಗ ಹೊಂಗೆಮರದ ಕೆಳಗೆ ಗುಂಡಿ ತೋಡಲು ಇಬ್ಬರು ಕೆಲಸದವರು ಬಂದಿದ್ದರು. ಚೈತ್ರ ಮೇಡಂ ಟೇಪು ಹಿಡಿದು ನಿಂತಿದ್ದರು. ಕುಮಾರ ಅವರನ್ನು ದಾಟಿ ಹೋದ. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದ.

"ಮೇಡಂ, ಇಲ್ಲಿ ಲೈಟ್ ಬೇಡ."

"ಯಾಕಪ್ಪ?"

"ಆ ಮಗೂಗೆ ಈಗ ಭಯ ಇಲ್ವಂತೆ."

ಮೇಡಂ ಟೇಪನ್ನು ಮಡಚಿದರು. "ಒಂದೇ ದಿನದಲ್ಲಿ ಭಯ ಹೋಯ್ತಾ?"

"ಹೂಂ. ಗಿರಣಿ ತಿರುವಿಗೇ ಹಾಕ್ಬೇಕಂತೆ. ಅಲ್ಲಿ ಅಜ್ಜಿ ಒಬ್ರೇ ದಾಟೋಕಾಗ್ದೆ ನಿಂತಿರ್ತಾರೆ. ಕಾಲು ನೋವು ಅಂತ ಸುಳ್ಳು ಹೇಳ್ತಾರೆ."

"ಆ ಮಗು ನಿಂಗೆ ಗೊತ್ತಾ?"

"ಗೊತ್ತು."

"ನಂಬಬಹುದಾ ಅದನ್ನ?"

ಕುಮಾರ ತನ್ನ ಶೂ ನೋಡಿದ. "ನಿನ್ನೆ ತನಕ ಇಲ್ಲ ಮೇಡಂ. ಈಗ ನಂಬಬಹುದು."

ಮೇಡಂ ಅವನ ಕೈಯನ್ನಾಗಲಿ ಮುಖವನ್ನಾಗಲಿ ಹೆಚ್ಚು ಹೊತ್ತು ನೋಡಲಿಲ್ಲ. ಹೆಸರನ್ನೂ ಕೇಳಲಿಲ್ಲ. ಕೆಲಸದವರ ಕಡೆ ತಿರುಗಿ, "ಗುದ್ದಲಿ ತಗೊಂಡು ಗಿರಣಿ ಹತ್ರ ನಡೀರಿ" ಎಂದರು.

ಹದಿನೈದು ದಿನದಲ್ಲಿ ಚರಂಡಿಗೆ ಚಪ್ಪಡಿ ಬಂತು. ಏಳು ಕಂಬಗಳೂ ನಿಂತವು. ದೀಪ ಹತ್ತಿದ ಮೊದಲ ಸಂಜೆ ಮುದ್ದಮ್ಮಜ್ಜಿ ಗಿರಣಿಯ ತಿರುವಿನಲ್ಲಿ ನಿಲ್ಲದೆ ನಡೆದು ಬಂದಳು. ಬಂದು, ಹೊಸ ಬೆಂಚಿನ ಮೇಲೆ ಕೂತು, ಬೆಳಕಿನಲ್ಲಿ ತನ್ನ ಎರಡು ಪಾದಗಳನ್ನೇ ನೋಡಿಕೊಂಡಳು. ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ಕುಮಾರನನ್ನು ಕರೆದಳು.

"ಆ ಕೂಸು ಯಾವುದು ಅಂತ ನಿಂಗೆ ಗೊತ್ತಂತಲ್ಲ. ಇಂಜಿನಿಯರವ್ವ ಅಂದ್ಲು. ತನ್ನ ಭಯ ನುಂಗ್ಕಂಡು ನಂಗೆ ಬುಟ್ಕೊಡ್ತಲ್ಲ ಅದು, ತಣ್ಣಗಿರ್ಲಿ. ಇದ ಕೊಟ್ಬುಡ್ಲಾ ಮಗ, ಮುಡ್ಕಳ್ಲಿ."

ಬುಟ್ಟಿಯಲ್ಲಿ ಮಾರದೆ ಉಳಿಸಿಕೊಂಡಿದ್ದ ಒಂದು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ ಅವನ ಕೈಗಿಟ್ಟಳು.

ಕುಮಾರ ಎಲೆಯ ಪೊಟ್ಟಣ ಹಿಡಿದು ದೀಪದ ಕೆಳಗೆ ನಿಂತ. ಬಾಯಿ ತೆರೆದ. ಆಮೇಲೆ, "ಕೊಡ್ತೀನಿ ಅಜ್ಜಿ" ಎಂದ.

ಆ ರಂಗೋಲಿ ಇಟ್ಟಿದ್ದು ತಾನೇ ಎಂದು ಅವನು ಅವತ್ತು ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.