ಬಿ ಸೈಡಿನ ಕೊನೆಯ ಹಾಡು

"ಯಾವ ಕ್ಯಾಸೆಟ್ ಬೇಕು ಮೇಡಂ?"

ಚನ್ನಬಸವ ತಲೆ ಎತ್ತಲಿಲ್ಲ. ಅವನ ಮುಂದೆ ಬಿಚ್ಚಿಟ್ಟ ಟೇಪ್‌ರೆಕಾರ್ಡರ್ ಇತ್ತು.

ಜಲಜಾಕ್ಷಿ ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತಳು. "ನಾನು, ಚನ್ನ."

"ಗೊತ್ತು. ಮೆಟ್ಟಿಲು ಹತ್ತಿದ ಸದ್ದಿಗೇ ಗೊತ್ತಾಯ್ತು. ಯಾವ ಕ್ಯಾಸೆಟ್ ಬೇಕು, ಹೇಳಿ."

'ಹೇಳಿ' ಎಂದಿದ್ದ. ಎರಡು ವರ್ಷ 'ಏ ಜಲಜಾ' ಎಂದು ಕರೆದವನು ಈಗ ಬಹುವಚನ ಹಚ್ಚಿ ದೂರ ನಿಲ್ಲಿಸಿದ್ದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದು ತೊಂಬತ್ತೊಂಬತ್ತರ ಜನವರಿ. ಕಾಫಿ ಕೊಯ್ಲಿನ ಕಾಲ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ಎಸ್ಟೇಟಿಗೆ ಹೊರಟ ಜೀಪಿನೊಳಗೆ ಹೆಂಗಸರು ಒತ್ತಿಕೊಂಡು ಕೂತಿದ್ದರು. ಡ್ರೈವರ್ ಹಾಕಿದ್ದ ಕ್ಯಾಸೆಟ್ಟಿನ ಜೊತೆ ಅವರೂ ದನಿ ಸೇರಿಸಿದ್ದರು. 'ಘಟ್ಟದ ಮೇಲಿನ ಹಾಡು', ಗಾಯಕಿ ಜಲಜಾಕ್ಷಿ. ಊರಲ್ಲೆಲ್ಲ ಅದೇ. ಚನ್ನಬಸವನ ಅಂಗಡಿಯಲ್ಲಿ ಮಾತ್ರ ಅದು ಇರಲಿಲ್ಲ.

ಜಲಜಾಕ್ಷಿ ಕಳಸದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರ ಮಗಳು. ಬೆಂಗಳೂರಿನ ಆರ್ಕೆಸ್ಟ್ರಾ ಒಂದರಲ್ಲಿ ಐದು ವರ್ಷ ಸಿನಿಮಾ ಹಾಡುಗಳನ್ನು ಹಾಡಿದ್ದಳು. ಕ್ಯಾಸೆಟ್ ಕಂಪನಿಯೊಂದು ಅವಕಾಶ ಕೊಟ್ಟಾಗ, "ನಮ್ಮ ಕಡೆಯ ಹಾಡುಗಳನ್ನೇ ಹಾಡ್ತೀನಿ" ಎಂದು ಹಟ ಹಿಡಿದಳು. ಹಾಡು ಹುಡುಕಲು ಜೊತೆಯಾದವನು ಚನ್ನಬಸವ. ರಜೆ ಸಿಕ್ಕಾಗಲೆಲ್ಲ ಅವಳು ಬಂದಿಳಿಯುತ್ತಿದ್ದಳು. ಅವನು ಅಂಗಡಿ ಮುಚ್ಚಿ, ಟೇಪ್‌ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಎಸ್ಟೇಟಿನ ಕೂಲಿಯವರ ಸಾಲುಮನೆಗಳಲ್ಲಿ ಕೂತು ಹಿರಿಯ ಹೆಂಗಸರಿಂದ ಹಾಡು ಕೇಳಿ ತುಂಬಿಕೊಳ್ಳುತ್ತಿದ್ದರು.

ಆಮೇಲೆ ಯಾವುದಾದರೂ ಬಂಡೆಯ ಮೇಲೆ ಕೂತು ಅವಳು ಹಾಡಿ ನೋಡುವಳು. ಅವನು ಮೈಕನ್ನು ಅವಳ ಗಲ್ಲದ ಹತ್ತಿರ ಹಿಡಿಯುವನು.

"ನಿನ್ನ ಉಸಿರು ಜಾಸ್ತಿ ಕೇಳ್ತಾ ಇದೆ."

"ಉಸಿರಾಡ್ದೆ ಹಾಡ್ಲಿಕ್ಕೆ ಆಗುತ್ತಾ ಮಾರಾಯ? ಮೈಕು ಸ್ವಲ್ಪ ದೂರ ಹಿಡಿ."

ಅವನು ದೂರ ಹಿಡಿಯುತ್ತಿರಲಿಲ್ಲ. ಅವಳೂ ಎರಡನೇ ಸಲ ಹೇಳುತ್ತಿರಲಿಲ್ಲ. ಇದ್ದ ಒಂದೇ ಹೆಡ್‌ಫೋನನ್ನು ಒಂದೊಂದು ಕಿವಿಗೆ ಹಿಡಿದು ಕೇಳುವಾಗ ಕೆನ್ನೆಗೆ ಕೆನ್ನೆ ತಾಗದಂತೆ ಇಬ್ಬರೂ ಬಹಳ ಎಚ್ಚರ ವಹಿಸುತ್ತಿದ್ದರು. ಎಷ್ಟು ಎಚ್ಚರವೆಂದರೆ, ಹಾಡು ಕೇಳಿಸುತ್ತಲೇ ಇರಲಿಲ್ಲ.

ಒಂದು ಸಂಜೆ ಅವನ ಮನೆಯ ಹಿತ್ತಿಲಲ್ಲಿ ತಾಯಿ ಶಿವಗಂಗಮ್ಮ ಮೆಣಸು ಕೇರುತ್ತ ಮೆಲ್ಲಗೆ ಗುನುಗುತ್ತಿದ್ದರು.

*ಮಲಗವ್ವ ನೀಲವ್ವ, ಹೊಳೆ ಇಳಿಯಲಿ,*
*ದೋಣಿ ಏರಿ ಬರ್ತಾನೆ ನಿನ್ನಪ್ಪ...*

ಜಲಜಾಕ್ಷಿ ಟೇಪ್‌ರೆಕಾರ್ಡರಿಗೆ ಕೈ ಚಾಚಿದಳು. ಚನ್ನಬಸವ ಅವಳನ್ನು ಆಚೆ ಕರೆದು ಹೇಳಿದ್ದ. ನೀಲ ಅವನ ತಂಗಿ. ಆಗ ಅವರು ಕಳಸದಾಚೆ ಇದ್ದರು. ಮೂರು ವರ್ಷದ ಮಗುವಿಗೆ ಜ್ವರ ಏರಿತ್ತು. ಡಾಕ್ಟರನ್ನು ಕರೆತರಲು ಹೋದ ಅಪ್ಪ ಭದ್ರೆ ಉಕ್ಕಿ ಆಚೆ ದಡದಲ್ಲೇ ಉಳಿದ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಾಯುತ್ತ ತಾಯಿ ಕಟ್ಟಿದ ಹಾಡು ಅದು. ಹೊಳೆ ಇಳಿಯುವಷ್ಟರಲ್ಲಿ ಮಗು ಇರಲಿಲ್ಲ.

"ಇದನ್ನ ಮಾತ್ರ ಎಲ್ಲೂ ಹಾಡ್ಬೇಡ ಜಲಜಾ."

"ಇಲ್ಲ, ಆಣೆ" ಎಂದು ಅವಳು ಅವನ ಅಂಗೈ ಮೇಲೆ ಕೈ ಇಟ್ಟಿದ್ದಳು.

ಆದರೆ ಸ್ಟುಡಿಯೋದಲ್ಲಿ ಏಳು ಹಾಡು ಮುಗಿದ ಮೇಲೆ ಬಿ ಸೈಡಿನ ಕೊನೆಯದಾದ ಎಂಟನೆಯದು ಕಂಪನಿಯ ಯಜಮಾನರಿಗೆ ಹಿಡಿಸಲಿಲ್ಲ. "ಬೇರೆ ಏನಾದ್ರೂ ಉಂಟಾ?" ಎಂದರು. ಅವಳು ಕಣ್ಣು ಮುಚ್ಚಿದಳು. ಸುಮ್ಮನೆ ಹಾಡಿ ನೋಡುತ್ತೇನೆ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಹಾಡಿ ಮುಗಿಸಿದಾಗ ಪಿಟೀಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ರೆಕಾರ್ಡಿಂಗಿಗೆ ನಿಂತಾಗ 'ನೀಲವ್ವ' ಇದ್ದಲ್ಲಿ 'ಕಂದವ್ವ' ಎಂದು ಬದಲಿಸಿದಳು. ಹೆಸರು ತೆಗೆದರೆ ಅದು ಯಾರ ದುಃಖವೂ ಅಲ್ಲ, ಎಲ್ಲರ ಜೋಗುಳ ಎಂದು ಸಮಾಧಾನ ಮಾಡಿಕೊಂಡಳು. ಚನ್ನಬಸವನಿಗೆ ಫೋನ್ ಮಾಡಬೇಕೆಂದುಕೊಂಡು ಎರಡು ಸಲ ಎಸ್‌ಟಿಡಿ ಬೂತಿನ ತನಕ ಹೋಗಿ ಹಿಂದೆ ಬಂದಳು.

ಕ್ಯಾಸೆಟ್ ಬಂದಮೇಲೆ ಅವನಿಗೆ ಮೂರು ಕಾಗದ ಬರೆದಳು. ಒಂದಕ್ಕೂ ಉತ್ತರವಿಲ್ಲ. ಎಲ್ಲರೂ ಹೊಗಳಿದ್ದು ಆ ಹಾಡನ್ನೇ.

ಈಗ ಅವನ ಅಂಗಡಿಯಲ್ಲಿ ನಿಂತು ಕೇಳಿದಳು, "ಅಮ್ಮ ಕೇಳಿದ್ರಾ ಅದನ್ನ?"

"ಹ್ಞೂಂ, ಬಸ್ಸಲ್ಲಿ. ಹೊರನಾಡಿಗೆ ಹೋಗಿ ಬರ್ತಾ ಇದ್ರು. ಕೊಟ್ಟಿಗೆಹಾರದಲ್ಲಿ ಇಳಿದುಬಿಟ್ರಂತೆ. ಮುಂದಿನ ಬಸ್ ಬರೋ ತನಕ ಒಬ್ರೇ ಕೂತಿದ್ರಂತೆ."

"ನಾನು ಅವ್ರನ್ನ ನೋಡ್ಬೇಕು."

"ನೋಡಿ ಏನ್ ಹೇಳ್ತೀರಿ?"

"ನಂದೇ ತಪ್ಪು ಅಂತೀನಿ. ಆಮೇಲೆ ಅವ್ರು ಏನಂದ್ರೂ ಕೇಳಿಸ್ಕೊಳ್ತೀನಿ."

ಚನ್ನಬಸವ ಮೊದಲ ಸಲ ಅವಳ ಮುಖ ನೋಡಿದ. ಬಿಚ್ಚಿದ ಟೇಪ್‌ರೆಕಾರ್ಡರನ್ನು ಬದಿಗಿಟ್ಟು ಶಟರ್ ಎಳೆದ.

ಮನೆ ಅಂಗಡಿಯ ಹಿಂದೆಯೇ. ಶಿವಗಂಗಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದರು. "ಬಾ ತಾಯಿ, ಬಡವಾಗಿದೀಯಲ್ಲ" ಎಂದರು. ಆ ಅಕ್ಕರೆ ಅವಳನ್ನು ಚುಚ್ಚಿತು. ಕಾಲು ಮುಟ್ಟಿದವಳು ಏಳಲಿಲ್ಲ.

"ಕೊಟ್ಟ ಮಾತು ಮುರಿದೆ ಅಮ್ಮ. ನಿಮ್ಮ ಹಾಡು ಕದ್ದೆ."

ಶಿವಗಂಗಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಹಾಡಿದ್ದಕ್ಕಲ್ಲ ತಾಯಿ ನಂಗೆ ಸಂಕಟ. ಬಸ್ಸಲ್ಲಿ ಶುರುವಾದ ಕೂಡ್ಲೇ ಎದೆ ಹೊಡ್ಕೊಳ್ತು. ಇಷ್ಟು ಜನರ ಕಿವಿಗೆ ನನ್ನ ಮಗಳ ಹೆಸರು ಬೀಳುತ್ತಲ್ಲ ಅಂತ ಜೀವ ಹಿಡ್ಕೊಂಡು ಕೂತೆ. ಆ ಸಾಲು ಬಂತು. ಹೆಸರೇ ಇಲ್ಲ. ಅವಳು ಹೋಗಿ ಇಪ್ಪತ್ನಾಲ್ಕು ವರ್ಷ. ಒಂದು ಫೋಟೋ ಇಲ್ಲ. ಇದ್ದಿದ್ದು ಆ ಹಾಡಲ್ಲಿ ಮಾತ್ರ. ಅಲ್ಲಿಂದಾನೂ ತೆಗೆದ್ಬಿಟ್ಯಲ್ಲ."

ಇಷ್ಟು ದಿನ ಜಲಜಾಕ್ಷಿ ತಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದು ನಂಬಿ ಹಿಡಿದುಕೊಂಡಿದ್ದದ್ದು ಆ ಹೆಸರು ತೆಗೆದದ್ದನ್ನೇ.

"ಅಮ್ಮ, ತಪ್ಪು ಇವಳೊಬ್ಬಳದ್ದಲ್ಲ."

ಚನ್ನಬಸವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಕ್ಯಾಸೆಟ್ ಬಿಡೋಕೆ ಮೂರು ವಾರ ಮೊದ್ಲೇ ಅಂಗಡಿಗೆ ಸ್ಯಾಂಪಲ್ ಬಂದಿತ್ತು. ಕೇಳಿದ್ದೆ. ಒಂದು ಫೋನ್ ಮಾಡಿದ್ರೆ ನಿಲ್ತಿತ್ತು." ಅವನು ಜಲಜಾಕ್ಷಿಯ ಕಡೆ ತಿರುಗಿದ. "ದಿನಾ ಶಟರ್ ಎಳ್ಕೊಂಡು ಕೇಳ್ತಿದ್ದೆ. ಅಷ್ಟು ಚೆನ್ನಾಗಿ ಹಾಡಿದ್ದೆ ನೀನು. ನಿಲ್ಸು ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ಅಮ್ಮ ಊಟ ಬಿಟ್ಟಾಗ ಎಲ್ಲಾ ನಿನ್ನ ತಲೆಗೆ ಕಟ್ಟಿ ಸುಮ್ನಾದೆ."

ಜಲಜಾಕ್ಷಿ ಎದ್ದು ನಿಂತಳು. ಕಣ್ಣೀರಿನ ಜೊತೆಗೇ ಸಿಟ್ಟೂ ಬಂತು. "ಮೂರು ಕಾಗದ ಬರೆದಿದ್ದೆ ಚನ್ನ. ಒಂದಕ್ಕಾದ್ರೂ ಎರಡು ಸಾಲು ಬರೀಬಾರ್ದಿತ್ತಾ?"

"ಬರೆದ್ರೆ ನಿಜ ಬರೀಬೇಕಾಗ್ತಿತ್ತು."

ಶಿವಗಂಗಮ್ಮ ಮಗನನ್ನೂ ಅವಳನ್ನೂ ನೋಡಿದರು. "ಕದ್ದವಳು ಒಬ್ಳು, ಕಂಡೂ ಸುಮ್ನಿದ್ದವನು ಒಬ್ಬ. ಚೆನ್ನಾಗಿದೆ ಜೋಡಿ." ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದರು, "ಈಗ ಆ ಹೆಸರು ಸೇರಿಸ್ಲಿಕ್ಕೆ ಆಗುತ್ತಾ ತಾಯಿ?"

ಕ್ಯಾಸೆಟ್ ಕಂಪನಿಯ ಯಜಮಾನರು ಮೊದಲು ಒಪ್ಪಲಿಲ್ಲ. "ಓಡ್ತಾ ಇರೋ ಹಾಡನ್ನ ಯಾಕಮ್ಮ ಮುಟ್ತೀಯ?" ಎಂದರು. ಜಲಜಾಕ್ಷಿ ಪಟ್ಟು ಬಿಡಲಿಲ್ಲ. ಹೆಸರು ಸೇರದಿದ್ದರೆ ಮುಂದಿನ ಕ್ಯಾಸೆಟ್ಟಿಗೆ ತಾನು ಹಾಡುವುದಿಲ್ಲ ಎಂದಳು. ಕೊನೆಗೆ ಫೆಬ್ರವರಿಯ ಒಂದು ಮಧ್ಯಾಹ್ನ ಸ್ಟುಡಿಯೋ ಬಿಟ್ಟುಕೊಟ್ಟರು.

ತಾಯಿ, ಮಗ ಇಬ್ಬರೂ ಬೆಂಗಳೂರಿಗೆ ಬಂದರು. ಶಿವಗಂಗಮ್ಮ ಗಾಜಿನಾಚೆ ನೆಟ್ಟಗೆ ಕೂತಿದ್ದರು. ಜಲಜಾಕ್ಷಿ 'ನೀಲವ್ವ' ಎಂದು ಹಾಡಿದಾಗ ಅವರು ಅಳಲಿಲ್ಲ. ಮುಗಿದ ಮೇಲೆ ಸೌಂಡ್ ಇಂಜಿನಿಯರನ್ನು ಕೇಳಿದರು, "ಇನ್ನೊಂದ್ಸಲ ಹಾಕ್ತೀರಾ ಸ್ವಾಮಿ?" ನಾಲ್ಕು ಸಲ ಹಾಕಿಸಿಕೊಂಡರು. ಹೊಸ ಪ್ರತಿಯ ಹೊದಿಕೆಯ ಮೇಲೆ ಹಾಡು ಕಟ್ಟಿದವರೆಂದು ಅವರ ಹೆಸರೂ ಬರುವುದೆಂದು ಯಜಮಾನರು ಒಪ್ಪಿಕೊಂಡರು. ಆದರೆ ಮೊದಲು ಹೋದ ಸಾವಿರಾರು ಕ್ಯಾಸೆಟ್ಟುಗಳು ಬಸ್ಸು, ಜೀಪುಗಳಲ್ಲಿ 'ಕಂದವ್ವ' ಎಂದೇ ಹಾಡುತ್ತಿದ್ದವು. ಅವನ್ನು ಹಿಂದೆ ತರುವ ದಾರಿ ಇರಲಿಲ್ಲ.

ಮೆಜೆಸ್ಟಿಕ್ಕಿನಲ್ಲಿ ಶಿವಗಂಗಮ್ಮ ಬಸ್ ಹತ್ತಿದ ಮೇಲೆ ಅವರಿಬ್ಬರು ಕೆಳಗೆ ಉಳಿದರು.

"ನಿನ್ನ ಮುಖ ನೋಡಿದಾಗೆಲ್ಲ ಮಾಡಿದ್ದು ನೆನಪಾಗುತ್ತೆ" ಎಂದಳು ಜಲಜಾಕ್ಷಿ.

"ನಂಗೂ ಅಷ್ಟೇ."

"ಮತ್ತೆ ಹೇಗೆ ಒಟ್ಟಿಗಿರೋದು?"

ಅವನು ಯೋಚಿಸಿ ಹೇಳಿದ. "ಬೇರೆ ಯಾರ ಜೊತೆ ಇದ್ರೂ ಅದನ್ನ ಮುಚ್ಚಿಟ್ಕೊಂಡು ಬದುಕ್ಬೇಕು. ನಿನ್ನ ಹತ್ರ ಮುಚ್ಚಿಡೋಕೆ ಏನೂ ಉಳಿದಿಲ್ಲ. ನಂಗೆ ನೀನೇ ಬೇಕು ಜಲಜಾ."

ಅವಳು ಅವನ ಅಂಗಿಯ ತೋಳು ಹಿಡಿದಳು. ಇಷ್ಟು ಜನರ ನಡುವೆ ಅಷ್ಟೇ ಸಾಧ್ಯವಿತ್ತು. "ಅಪ್ಪ ಸುಲಭಕ್ಕೆ ಒಪ್ಪಲ್ಲ. ಜಾತಿ ಬೇರೆ ಅಂತಾರೆ."

"ಬಂದು ಕೇಳ್ತೀನಿ. ಬೈದ್ರೆ ಬೈಸ್ಕೊಳ್ತೀನಿ."

ಕಂಡಕ್ಟರ್ ಸೀಟಿ ಊದಿದ. ಜಲಜಾಕ್ಷಿ ಬೆಂಗಳೂರಿನಲ್ಲೇ ಉಳಿಯಬೇಕಿತ್ತು. ಕೈಯಲ್ಲಿ ಒಂದು ವ್ಯಾನಿಟಿ ಬ್ಯಾಗ್ ಬಿಟ್ಟರೆ ಏನೂ ಇರಲಿಲ್ಲ.

ಒಳಗಿದ್ದ ಶಿವಗಂಗಮ್ಮ ಇಬ್ಬರನ್ನೂ ಒಂದು ಗಳಿಗೆ ನೋಡಿದರು. ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ಎತ್ತಿಕೊಂಡು, ಕಿಟಕಿಯ ಕಡೆ ಸರಿದು, ಪಕ್ಕದ ಸೀಟನ್ನು ಅಂಗೈಯಿಂದ ತಟ್ಟಿದರು.

ಜಲಜಾಕ್ಷಿ ಬಸ್ ಹತ್ತಿದಳು.