ಹನ್ನೆರಡು ಹಂದಿಗಳ ಉಸಿರು

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶ್ವಾಸಕೋಶ ಸಂಶೋಧನಾ ಕೇಂದ್ರದ ಪ್ರೊಫೆಸರ್ ಠಾಣೆಗೆ ಬಂದು ದೂರು ಕೊಟ್ಟರು. ಅರವತ್ತರ ಹತ್ತಿರದ ಶಸ್ತ್ರವೈದ್ಯರು. ಕೈ ಸ್ಥಿರವಾಗಿತ್ತು, ಮಾತು ಮಾತ್ರ ನಡುಗುತ್ತಿತ್ತು. ಇನ್‌ಸ್ಪೆಕ್ಟರ್ ದೂರನ್ನು ಎರಡು ಸಲ ಓದಿದರೂ ತಲೆಬುಡ ತಿಳಿಯಲಿಲ್ಲ.

"ಏನಾದ್ರೂ ಕಳುವಾಗಿದೆಯಾ?"

"ಇಲ್ಲ."

"ಯಾರಿಗಾದ್ರೂ ಪೆಟ್ಟಾಗಿದೆಯಾ?"

"ಇಲ್ಲ. ನರಳಬೇಕಾಗಿದ್ದ ಆರು ಹಂದಿಗಳು ನರಳಲಿಲ್ಲ. ಅದೇ ನನ್ನ ದೂರು."

ಬಾಗಿಲ ಬಳಿಯಿದ್ದ ದಫೇದಾರ್ ಕೆಮ್ಮುವ ನೆಪದಲ್ಲಿ ನಗು ನುಂಗಿಕೊಂಡರು. ಪ್ರೊಫೆಸರ್ ಮುಂದೆ ಹೇಳಿದ್ದನ್ನು ಕೇಳಿದ ಮೇಲೆ ಆ ನಗು ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ.

ಒಂದು ಹಂದಿಯ ಶ್ವಾಸಕೋಶ ತೆಗೆದು ಅಲ್ಲಿ ಇನ್ನೊಂದು ಹಂದಿಯದನ್ನು ಕೂರಿಸುತ್ತಾರೆ. ಅದಕ್ಕೆ ರಕ್ತ ಹರಿಯತೊಡಗಿದ ಮೊದಲ ಗಂಟೆಗಳೇ ಗಂಡಾಂತರ. ಹೊಸ ಶ್ವಾಸಕೋಶ ಊದಿಕೊಂಡು, ನೀರು ತುಂಬಿಕೊಂಡು, ಕೈಕೊಡುವುದು ಆಗಲೇ. ಆ ಹೊತ್ತಿನಲ್ಲಿ ಉಸಿರಾಟದ ಯಂತ್ರದ ಗಾಳಿಗೆ ಇಂಗಾಲದ ಡೈಆಕ್ಸೈಡನ್ನು ಹದವಾಗಿ ಹೆಚ್ಚಿಸಿದರೆ ಊತ ಇಳಿಯುತ್ತದೆ ಎಂಬುದು ಪ್ರೊಫೆಸರರ ವಾದ. ನಾವು ಬೇಡವೆಂದು ಹೊರಗೆ ಬಿಡುವ ಗಾಳಿಯೇ ಶ್ವಾಸಕೋಶವನ್ನು ಕಾಯುತ್ತದೆ ಎಂದರೆ ಯಾರು ನಂಬುತ್ತಾರೆ? ನಂಬಿಸಬೇಕಾದರೆ ತಾಳೆ ನೋಡಬೇಕು. ಆರು ಹಂದಿಗಳಿಗೆ ಆ ಗಾಳಿ, ಇನ್ನಾರಕ್ಕೆ ಮಾಮೂಲಿ ಗಾಳಿ. ಯಾವುದು ಯಾವುದೆಂದು ಕತ್ತರಿ ಹಿಡಿದವರಿಗೂ ತಿಳಿಯಬಾರದು, ಆರೈಕೆ ಮಾಡುವವರಿಗೂ ತಿಳಿಯಬಾರದು. ಅದಕ್ಕೇ ಸಿಲಿಂಡರುಗಳಿಗೆ ಕೆಂಪು ಚೀಟಿ, ನೀಲಿ ಚೀಟಿ. ಬಣ್ಣದ ಗುಟ್ಟೂ ರಕ್ತಪರೀಕ್ಷೆಯ ವರದಿಗಳೂ ಮೊಹರು ಹಾಕಿದ ಲಕೋಟೆಯಲ್ಲಿ ಇದ್ದವು.

ಸೋಮವಾರ ಪ್ರಯೋಗದ ಮೇಲ್ವಿಚಾರಣಾ ಸಮಿತಿಯ ಮುಂದೆ ಲಕೋಟೆ ಒಡೆದರು. ಕೆಂಪು ಎಂದರೆ ಡೈಆಕ್ಸೈಡ್ ಹೆಚ್ಚಿಸಿದ ಗಾಳಿ, ನೀಲಿ ಎಂದರೆ ಮಾಮೂಲಿ. ಹನ್ನೆರಡೂ ಹಂದಿಗಳ ರಕ್ತದಲ್ಲಿ ಡೈಆಕ್ಸೈಡ್ ಹೆಚ್ಚಿತ್ತು. ಹನ್ನೆರಡರ ಶ್ವಾಸಕೋಶವೂ ಚೆನ್ನಾಗಿತ್ತು. ಹೋಲಿಸಲು ಎರಡನೇ ಗುಂಪೇ ಇರಲಿಲ್ಲ. ಸಮಿತಿ ಇಡೀ ಪ್ರಯೋಗವನ್ನು ರದ್ದು ಮಾಡಿತು.

"ಮುಂದಿನ ತಿಂಗಳು ಮನುಷ್ಯರಿಗೆ ಶುರು ಮಾಡಬೇಕಿತ್ತು," ಎಂದರು ಪ್ರೊಫೆಸರ್. "ಒಂಬತ್ತು ಜನ ಪಟ್ಟಿಯಲ್ಲಿದ್ದಾರೆ. ಮಾಮೂಲಿ ಕಸಿ ತಡೆದುಕೊಳ್ಳೋ ಶಕ್ತಿ ಅವರಿಗಿಲ್ಲ. ಈಗ ಮತ್ತೆ ಮೊದಲಿಂದ. ಒಂದು ವರ್ಷ ಹಿಡಿಯುತ್ತೆ."

"ಅವರು ಒಂದು ವರ್ಷ ಕಾಯ್ತಾರಾ?"

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು.

11.05ಕ್ಕೆ ಎಫ್‌ಐಆರ್ ದಾಖಲಾಯಿತು. ನಂಬಿಕೆದ್ರೋಹ, ದಾಖಲೆಗಳಲ್ಲಿ ಸುಳ್ಳು ನಮೂದು. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದು ಬರೆದರು.

12.30ಕ್ಕೆ ಸ್ಥಳ ಪಂಚನಾಮೆ. ಆರೈಕೆಯ ಕೋಣೆಯಲ್ಲಿ ಬಿಳಿ ಟೈಲ್ಸ್, ನಡುವೆ ನೀರು ಹೋಗುವ ಜಾಲರಿ, ಉಸಿರಾಟದ ಯಂತ್ರ, ಅದರ ಪಕ್ಕದಲ್ಲೊಂದು ಸ್ಟೀಲಿನ ಸ್ಟೂಲು. ಸ್ಟೂಲಿನ ಮೇಲೆ ಕುಳಿತು ಹಂದಿಗಳನ್ನು ಕಾಯುತ್ತಿದ್ದವನು ಪ್ರಾಣಿಪಾಲಕ. ಐವತ್ತು ದಾಟಿದ ಸಣಕಲು ಮನುಷ್ಯ. ವಿದ್ಯಾರ್ಥಿಗಳ ಬಾಯಲ್ಲಿ ಅವನು 'ಹಂದಿ ಮಾಮ'. ಅವನು ಬೈದರೆ ಹಂದಿಗಳು ಮುನಿಸಿಕೊಳ್ಳುತ್ತವೆ, ಹಾಗಾಗಿ ಅವನು ಬೈಯುವುದೇ ಇಲ್ಲ ಎಂದು ಅವರು ತಮಾಷೆ ಮಾಡುತ್ತಿದ್ದರು.

ಗ್ಯಾಸ್ ಕೋಣೆಯಲ್ಲಿ 'ಖಾಲಿ' ಎಂಬ ಫಲಕದ ಕೆಳಗೆ ಆರು ನೀಲಿ ಚೀಟಿಯ ಸಿಲಿಂಡರುಗಳು ನಿಂತಿದ್ದವು. ದಫೇದಾರ್ ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಎರಡು ವರ್ಷ ಗ್ಯಾಸ್ ಗೋದಾಮಿನಲ್ಲಿ ದುಡಿದವರು. ಜೇಬಿನಿಂದ ಬೀಗದ ಕೈ ತೆಗೆದು ಒಂದೊಂದನ್ನೂ ತಟ್ಟುತ್ತಾ ಹೋದರು.

"ಸಾರ್, ಖಾಲಿಯಾಗಿದ್ರೆ ಗಂಟೆ ಹಾಗೆ ಕೇಳಿಸುತ್ತೆ. ಇವು ಮೊದ್ದಾಗಿ ಕೇಳಿಸ್ತಿವೆ. ಆರೂ ತುಂಬಿವೆ."

ಮೀಟರ್ ಹಚ್ಚಿ ನೋಡಿದರು. ಪೂರ್ತಿ ತುಂಬಿದ್ದವು. ಗ್ಯಾಸ್ ಕಂಪನಿಯ ಮುಚ್ಚಳದ ಸೀಲನ್ನೂ ಯಾರೂ ಒಡೆದಿರಲಿಲ್ಲ. ಕೆಂಪು ಚೀಟಿಯವಾದರೋ ಲೆಕ್ಕಕ್ಕಿಂತ ಆರು ಹೆಚ್ಚು ಬಂದಿದ್ದವು. ಅವನ್ನು ತರಿಸಿಕೊಂಡ ಮೂರು ಬೇಡಿಕೆ ಚೀಟಿಗಳಲ್ಲೂ ಕಾರಣ ಒಂದೇ: 'ಲೀಕ್'. ಕೆಳಗೆ ಕಿರಿಯ ಡಾಕ್ಟರರ ಸಹಿ. ಪಂಚರು ರುಜು ಹಾಕಿದರು.

ಕಿರಿಯ ಡಾಕ್ಟರಮ್ಮ ಪ್ರೊಫೆಸರರ ಬಲಗೈ. ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಇಬ್ಬರೂ ಜಗಳವಾಡಿದ್ದು ಕೇಂದ್ರದ ಕಸ ಗುಡಿಸುವವರಿಗೂ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಡಾಕ್ಟರಮ್ಮನೇ ಪ್ರಯೋಗ ಕೆಡಿಸಿದ್ದಾರೆ ಎಂದು ಮಧ್ಯಾಹ್ನದೊಳಗೆ ಎಲ್ಲರೂ ತೀರ್ಪು ಕೊಟ್ಟಾಗಿತ್ತು. 4.10ಕ್ಕೆ ವಿಚಾರಣೆ.

"ಸಹಿ ನಿಮ್ಮದೇನಾ?"

"ನಂದೇ."

"ಓದಿ ಹಾಕಿದ್ರಾ?"

"ಏಳು ಗಂಟೆ ನಿಂತು ಆಪರೇಷನ್ ಮುಗಿಸಿ ಬಂದಿರ್ತೀನಿ. ಚೀಟಿ ಮುಂದೆ ಹಿಡೀತಾರೆ, ಹಾಕ್ತೀನಿ."

"ಯಾರು ಹಿಡಿಯೋದು?"

ಡಾಕ್ಟರಮ್ಮನಿಗೆ ಆಗಲೇ ಅರ್ಥವಾಗಿತ್ತು. ಕಣ್ಣು ತುಂಬಿಕೊಂಡಿತು. "ಮಾಮ," ಎಂದರು. "ಆದ್ರೆ ಸಾರ್, ಆ ಮನುಷ್ಯ ಇರುವೆಗೂ ಕೆಟ್ಟದ್ದು ಮಾಡೋರಲ್ಲ."

ಹೊರಗೆ ಬಂದ ಮೇಲೆ ದಫೇದಾರ್ ಗೊಣಗಿದರು: "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ವಲ್ಲ ಸಾರ್."

ಬುಧವಾರ ಬೆಳಿಗ್ಗೆ 9.15. ಮಾಮನ ಮನೆ ಮೂರನೇ ಮಹಡಿಯಲ್ಲಿ, ಎರಡೇ ಕೋಣೆ. ಮಾಮ ಬಾಗಿಲು ತೆರೆದಾಗ ಮೊದಲು ಕೇಳಿಸಿದ್ದು ಆಕ್ಸಿಜನ್ ಯಂತ್ರದ ಗುರುಗುಟ್ಟುವಿಕೆ. ಅದರ ಕೊಳವೆ ನೆಲದ ಮೇಲೆ ಹರಿದು ಕಿಟಕಿಯ ಬಳಿ ಕುಳಿತ ಹುಡುಗಿಯ ಮೂಗಿನಲ್ಲಿ ಕೊನೆಯಾಗಿತ್ತು. ಇಪ್ಪತ್ತನಾಲ್ಕರ ಮಗಳು, ಶರಟುಗಳಿಗೆ ಕಾಜಾ ಹೊಲಿಯುತ್ತಿದ್ದಳು. ನಾಲ್ಕು ಹೊಲಿಗೆಗೊಮ್ಮೆ ಸೂಜಿ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು.

"ಪಟ್ಟಿ ವಿಷಯಕ್ಕೆ ಬಂದ್ರಾ ಸಾರ್?" ಎಂದು ಕೇಳಿದಳು. "ನಂದು ನಾಲ್ಕನೇ ನಂಬರು."

ಇನ್‌ಸ್ಪೆಕ್ಟರ್ ಮಾಮನ ಮುಖ ನೋಡಿದರು. "ಹೊರಗೆ ಮಾತಾಡೋಣ ಸಾರ್," ಎಂದ ಅವನು. ಇಬ್ಬರೂ ಮೆಟ್ಟಿಲ ಬಳಿ ನಿಂತರು. ದಫೇದಾರ್ ಎರಡು ಮೆಟ್ಟಿಲು ಕೆಳಗೆ ನಿಂತು ಬರೆದುಕೊಳ್ಳತೊಡಗಿದರು.

"ನೀಲಿ ಸಿಲಿಂಡರ್ ಯಾಕೆ ಹಚ್ಚಲಿಲ್ಲ?"

"ಡಾಕ್ಟ್ರಮ್ಮನ್ನ ಬಿಟ್ಟುಬಿಡಿ. ಅವರಿಗೆ ಏನೂ ಗೊತ್ತಿಲ್ಲ."

"ಗೊತ್ತು. ಕೆಂಪು ಒಳ್ಳೇದು ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಬೇಕಾಗಿಲ್ಲ ಸಾರ್. ಪಕ್ಕದಲ್ಲಿ ಕೂತವನಿಗೆ ತಿಳಿಯುತ್ತೆ. ಶುರು ಮಾಡೋ ಮುಂಚೆ ಅಭ್ಯಾಸಕ್ಕೆ ಅಂತ ಎರಡು ಹಂದಿ ಮಾಡಿದ್ರು. ಕೆಂಪಿನದ್ದು ಸುಮ್ಮನೆ ಮಲಗಿತ್ತು. ನೀಲಿದು..." ಅವನು ಗೋಡೆ ಹಿಡಿದುಕೊಂಡ. "ಕೊಳವೇಲಿ ನೊರೆ ಬಂತು. ಗಂಟಲಲ್ಲಿ ಒಂದು ಸದ್ದು. ಇವಳ ತಾಯಿಗೂ ಶ್ವಾಸಕೋಶ ಹಾಕಿದ್ರು ಸಾರ್. ಎರಡನೇ ದಿನ ಅದೇ ನೊರೆ, ಅದೇ ಸದ್ದು. ಆಗ ನನ್ನ ಕೈಲಿ ಏನೂ ಇರಲಿಲ್ಲ. ಇಲ್ಲಿ ಒಂದು ಪೈಪು ಬಿಚ್ಚಿ ಇನ್ನೊಂದಕ್ಕೆ ಹಚ್ಚಿದ್ರೆ ಸಾಕಾಗಿತ್ತು."

"ಶ್ವಾಸಕೋಶ ಕೊಯ್ದು ನೋಡೋಕೆ ಮೂರನೇ ದಿನ ಆ ಹಂದಿಗಳನ್ನ ಹೇಗೂ ಕೊಲ್ತಾರಲ್ವಾ?"

"ಹೌದು. ಹಿಡ್ಕೊಳ್ಳೋನೂ ನಾನೇ. ಇರೋ ಮೂರು ದಿನ ಆದ್ರೂ ನೆಟ್ಟಗೆ ಉಸಿರಾಡ್ಲಿ ಅಂತ."

"ಮಗಳ ಹೆಸರು ಪಟ್ಟೀಲಿದೆ. ಗೊತ್ತಿದ್ದೂ ಪ್ರಯೋಗ ಹಾಳು ಮಾಡಿದ್ರಾ?"

ಮಾಮ ನಿಜವಾಗಿಯೂ ಬೆಪ್ಪಾದ. "ಹಾಳು ಎಲ್ಲಿ ಮಾಡಿದೆ ಸಾರ್? ಹನ್ನೆರಡೂ ಚೆನ್ನಾಗಿದ್ವಲ್ಲ! ಆರು ಉಳಿದ್ರೆ ಅರ್ಧ ಪಾಸು, ಹನ್ನೆರಡೂ ಉಳಿದ್ರೆ ಪೂರ್ತಿ ಪಾಸು. ಮಗಳಿಗೆ ಬೇಗ ಸಿಗುತ್ತೆ ಅಂದ್ಕೊಂಡೆ."

ಹದಿನೆಂಟು ವರ್ಷ ಆ ಸ್ಟೂಲಿನ ಮೇಲೆ ಕುಳಿತವನಿಗೆ, ಅರ್ಧ ಹಂದಿಗಳು ಯಾಕೆ ನರಳಬೇಕು ಎಂಬುದನ್ನು ಯಾರೂ ಕೂರಿಸಿ ಹೇಳಿರಲಿಲ್ಲ. ಚೀಟಿಯ ಬಣ್ಣ ನೋಡಿ ಹಚ್ಚು ಎಂದಿದ್ದರು, ಅಷ್ಟೇ. ಹಿಂದಿನ ದಿನ ತಾವೇ ಕಲಿತ ಪಾಠವನ್ನು ಇನ್‌ಸ್ಪೆಕ್ಟರ್ ಈಗ ಅವನಿಗೆ ಹೇಳಬೇಕಾಯಿತು. ಇಂಥ ಕೆಟ್ಟ ಕೆಲಸ ಅವರ ಸರ್ವೀಸಿನಲ್ಲೇ ಬಂದಿರಲಿಲ್ಲ.

"ನೋಡಿ. ಆ ಗಾಳಿ ಸಿಗದೇ ಇದ್ದವು ಸೊರಗಿದ್ರೆ ತಾನೇ, ಸಿಕ್ಕವು ಅದರಿಂದಲೇ ಉಳಿದ್ವು ಅಂತ ಹೇಳೋಕಾಗೋದು? ಎಲ್ಲಕ್ಕೂ ಒಂದೇ ಕೊಟ್ರೆ ಏನೂ ಸಾಬೀತಾಗಲ್ಲ. ಸಮಿತಿಯವರು ರದ್ದು ಮಾಡಿದ್ದಾರೆ. ಇನ್ನು ಒಂದು ವರ್ಷ ಬೇಕು."

"ಒಂದು ವರ್ಷಾನಾ?"

"ಹೌದು."

ಮಾಮ ಮೆಟ್ಟಿಲ ಮೇಲೆ ಕುಳಿತ. ಒಳಗೆ ಯಂತ್ರ ಗುರುಗುಟ್ಟುತ್ತಿತ್ತು. "ಅವಳಿಗೆ ಆರು ತಿಂಗಳು ಅಂದಿದ್ದಾರೆ ಸಾರ್," ಎಂದ. ಆಮೇಲೆ ಅದನ್ನೇ ಇನ್ನೊಮ್ಮೆ ಹೇಳಿದ. ದಫೇದಾರ್ ಬರೆಯುವುದನ್ನು ನಿಲ್ಲಿಸಿ ಕೆಳಗಿನ ಬೀದಿ ನೋಡುತ್ತಾ ನಿಂತರು.

10.40ಕ್ಕೆ ದಸ್ತಗಿರಿ. ದಸ್ತಗಿರಿ ಪತ್ರಕ್ಕೆ ಮನೆಯವರೊಬ್ಬರ ಸಹಿ ಬೇಕು. ಮನೆಯವರೆಂದು ಅವನಿಗೆ ಇದ್ದವಳು ಮಗಳೊಬ್ಬಳೇ. ಅವಳು ಹೊಲಿಗೆ ಬದಿಗಿಟ್ಟು ಕಾಗದವನ್ನು ಪೂರ್ತಿ ಓದಿದಳು. ಓದುತ್ತಾ ಮೂರು ಕಡೆ ಉಸಿರಿಗಾಗಿ ನಿಂತಳು. ಯಾರೂ ಅವಸರ ಮಾಡಲಿಲ್ಲ. ಸುದ್ದಿ ತಿಳಿದು ಓಡಿಬಂದಿದ್ದ ಕಿರಿಯ ಡಾಕ್ಟರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು. ಇನ್ನು ಮುಂದೆ ರಾತ್ರಿ ಹಗಲು ಯಾರಾದರೂ ಜೊತೆಗಿರುವ ಹಾಗೆ ತಾವು ನೋಡಿಕೊಳ್ಳುವುದಾಗಿ ಆಗಲೇ ಇನ್‌ಸ್ಪೆಕ್ಟರಿಗೆ ಹೇಳಿದ್ದರು.

"ಅಪ್ಪಾ," ಎಂದಳು ಮಗಳು, "ಅಮ್ಮನ ಹಾಗೆ ಆಗ್ತಿತ್ತಾ ಅವಕ್ಕೆ?"

"ಹೂಂ ಪುಟ್ಟಿ."

"ನೀನು ಗಾಳಿ ಬದಲಾಯಿಸಿದ ಮೇಲೆ?"

"ಆಗಲಿಲ್ಲ. ಒಂದಕ್ಕೂ ಆಗಲಿಲ್ಲ. ನಿದ್ದೆ ಮಾಡ್ತಿದ್ವು."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಅಳುವುದಕ್ಕೂ ಉಸಿರು ಬೇಕು. ಸಹಿ ಹಾಕಿ ಪೆನ್ನನ್ನು ಹಿಂದಿರುಗಿಸಿದಳು. "ಅಪ್ಪಂಗೆ ಮೆಟ್ಟಿಲು ಇಳಿಯೋವಾಗ ಮಂಡಿ ನೋಯುತ್ತೆ ಸಾರ್," ಎಂದಳು. "ನಿಧಾನಕ್ಕೆ ಕರ್ಕೊಂಡು ಹೋಗಿ."

ದಫೇದಾರ್ ಕೈಕೋಳವನ್ನು ಜೇಬಿನಲ್ಲೇ ಬಿಟ್ಟು ಮಾಮನ ತೋಳು ಹಿಡಿದುಕೊಂಡರು.

ಸಂಜೆ ಐದಕ್ಕೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬರೆದರು. ಹಣದ ಲಾಭ ಕಂಡುಬಂದಿಲ್ಲ, ದ್ವೇಷ ಕಂಡುಬಂದಿಲ್ಲ ಎಂದು ಬರೆದ ಮೇಲೆ, ಉದ್ದೇಶದ ಮುಂದೆ ಏನಾದರೊಂದು ಬರೆಯಲೇಬೇಕಿತ್ತು. 'ನರಳುವುದನ್ನು ಎರಡನೆಯ ಸಲ ನೋಡಲಾರದೆ' ಎಂದು ಬರೆದರು.

"ಮೇಲಿನವರು ಇದನ್ನ ಒಪ್ತಾರಾ ಸಾರ್?" ಎಂದರು ದಫೇದಾರ್.

"ಒಪ್ಪಲಿಕ್ಕಿಲ್ಲ," ಎಂದು ಇನ್‌ಸ್ಪೆಕ್ಟರ್ ಕೆಳಗೆ ರುಜು ಹಾಕಿದರು.