ಸೊನ್ನೆಯ ಕೆಳಗಿನ ಹಾಡು

"ಕೈ ತೆಗೀರಿ!"

ಅದು ಕೂಗಲ್ಲ, ಪಿಸುಮಾತು. ಒಂದೇ ಸೂರಿನಡಿ ಬಾಗಿಲಿಗೊಂದು ಸಂಸಾರದಂತೆ ಇಪ್ಪತ್ಮೂರು ಬಾಗಿಲುಗಳ ಆ ಉದ್ದಮನೆಯಲ್ಲಿ ಆಗ ಯಾರೂ ಕೂಗುವಂತಿರಲಿಲ್ಲ. ಆದರೂ ಮಾಯಾಂಗಳ ಕೈ ಇದ್ದಲ್ಲೇ ನಿಂತುಬಿಟ್ಟಿತು.

ವಿದ್ಯುತ್ ಗಿಟಾರಿನ ಆಂಪ್ಲಿಫೈಯರ್‌ನಿಂದ ಹೊರಟ ವೈರಿನ ತುದಿ ಅವಳ ಬೆರಳುಗಳಲ್ಲಿತ್ತು. ಕಂಪ್ಯೂಟರಿನ ತೂತಿಗೆ ಇನ್ನು ಎರಡೇ ಅಂಗುಲ.

ಅವಳ ಮನೆಯ, ಅಂದರೆ ಹದಿನೇಳನೆಯ ಬಾಗಿಲಿನ ಹೊಸ್ತಿಲಲ್ಲಿ ಸೌದೆ ಹೊತ್ತ ಒಬ್ಬ ಯುವಕ ನಿಂತಿದ್ದ. ಹೊರೆಯನ್ನು ಸದ್ದಾಗದಂತೆ ಇಳಿಸಿದವನೇ ಮೂರು ಹೆಜ್ಜೆಯಲ್ಲಿ ಒಳಗೆ ಬಂದು ಅವಳ ಕೈಯಿಂದ ವೈರನ್ನು ಕಸಿದುಕೊಂಡ!

'ಹದಿನೆಂಟನೆಯ ಬಾಗಿಲಿನವನು... ಸಾವಿನ ಮನೆಯವನು!' ಎಂದುಕೊಂಡಳು ಅವಳು.

ಪಕ್ಕದ ಬಿಡಾರದ ಮುದುಕ ಜುಗಿತ್‌ನನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಮೂವತ್ತನೆಯ ದಿನ ಶೋಕದ ಕಟ್ಟು ಬಿಚ್ಚುವವರೆಗೆ ಆ ಉದ್ದಮನೆಯಲ್ಲಿ ಜಾಗಟೆಯಿಲ್ಲ, ಹಾಡಿಲ್ಲ, ಜೋರು ನಗುವೂ ಇಲ್ಲ.

"ನಾನೇನೂ ಗದ್ದಲ ಮಾಡೋಕೆ ಹೊರಟಿರಲಿಲ್ಲ," ಎಂದಳು ಮಾಯಾಂಗ್, ಕಣ್ಣು ಕೆಂಪಗೆ ಮಾಡಿಕೊಂಡು. "ಗದ್ದಲ ಆಗದ ಹಾಗೆ ಹಾಡು ಮುದ್ರಿಸೋಕೇ ಕಂಪ್ಯೂಟರಿಗೆ ಜೋಡಿಸ್ತಿದ್ದೆ. ದೂರು ಹೇಳೋದಿದ್ರೆ ಹಿರಿಯರ ಹತ್ರ ಹೋಗಿ ಹೇಳ್ಕೊಳ್ಳಿ!"

"ದೂರಲ್ಲಾರೀ. ಆಂಪ್ಲಿಫೈಯರ್ ಹಿಂದೆ ನೋಡಿ. ಎರಡು ತೂತಿವೆ, ಅಳತೆ ಒಂದೇ. ನೀವು ಸಿಕ್ಕಿಸಿರೋದು ಇನ್ನೊಂದು ಸ್ಪೀಕರ್ ಓಡಿಸೋ ತೂತಿಗೆ. ಅಲ್ಲಿಂದ ಬರೋದು ಇಪ್ಪತ್ತು ವಾಟ್. ಕಂಪ್ಯೂಟರಿಗೆ ಅದರ ಸಾವಿರದಲ್ಲೊಂದು ಪಾಲೂ ತಡ್ಕೊಳ್ಳೋ ಶಕ್ತಿ ಇಲ್ಲ. ಇನ್ನೊಂದು ಕ್ಷಣ ಆಗಿದ್ರೆ ಹೊಗೆ ಬರ್ತಿತ್ತು."

ಅವಳು ಬಗ್ಗಿ ನೋಡಿದಳು. ತೂತುಗಳ ಮೇಲಿನ ಅಕ್ಷರಗಳು ಎಂದೋ ಅಳಿಸಿಹೋಗಿದ್ದವು.

ಅವನು ವೈರನ್ನು ಪಕ್ಕದ ತೂತಿಗೆ ಬದಲಾಯಿಸಿದ. "ಇದಕ್ಕೆ ಸಿಕ್ಕಿಸಿದ್ರೆ ಸ್ಪೀಕರ್ ತಾನಾಗಿ ಬಾಯಿ ಮುಚ್ಚುತ್ತೆ. ನಡುವೆ ಸದ್ದು ಏರಿಳಿಸೋ ಒಂದು ಪುಟ್ಟ ಪೆಟ್ಟಿಗೆ ಬೇಕು, ನನ್ನ ಚೀಲದಲ್ಲಿದೆ. ಸಿಬು ಪಟ್ಟಣದ ಚರ್ಚಲ್ಲಿ ಮೈಕು, ಸ್ಪೀಕರ್ ನೋಡ್ಕೊಳ್ಳೋನು ನಾನು. ಜಿಂಬಾತ್ ಅಂತ. ತೀರ್ಕೊಂಡೋರು ನಮ್ಮ ದೊಡ್ಡಪ್ಪ."

ಅಷ್ಟರಲ್ಲಿ ಮಾಯಾಂಗಳ ತಾಯಿ ಒಳಗಿಂದ ಇಣುಕಿದಳು. "ಯಾರೇ ಅದು? ಸೌದೆ ತಂದಿದ್ದಾನಾ? ಹದಿನೆಂಟಕ್ಕೆ ಹೋಗೋದು ಹದಿನೇಳಕ್ಕೆ ಬಂತಾ? ಇರ್ಲಿ ಬಿಡು, ಹೀಗೆ ಲೆಕ್ಕ ತಪ್ಪೋ ಹುಡುಗರೇ ಬೇಕು ನಮಗೆ!"

"ಅಮ್ಮಾ...!"

ಜಿಂಬಾತ್ ನಗಲಿಲ್ಲ. ಹೊರೆ ಹೊತ್ತು ಹೊರಟುಹೋದ.

* * *

ಮಾಯಾಂಗಳಿಗೆ ಆ ಧ್ವನಿಮುದ್ರಣ ಎಷ್ಟು ದೊಡ್ಡದೆಂಬುದನ್ನು ಹೇಳಿಬಿಡಬೇಕು. ಸುಗ್ಗಿಹಬ್ಬಕ್ಕೆ ಹೊರಬರುವ ಹಾಡುಗಳಲ್ಲಿ ಒಂದಕ್ಕೆ ಗಿಟಾರ್ ನುಡಿಸಲು ಸಿಬುವಿನಲ್ಲಿ ಹಾಡು ಮುದ್ರಿಸುವ ಟಿಯೊಂಗ್ ಮಾಮ ಅವಳಿಗೆ ಹೇಳಿದ್ದ. ಶನಿವಾರಕ್ಕೆ ಕೊಡದಿದ್ದರೆ ಬೇರೆಯವರ ಪಾಲು. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ಅವಳ ಬೆರಳುಗಳನ್ನು ನಂಬಿದ್ದರು. ಅಂದು ಶೋಕದ ನಾಲ್ಕನೆಯ ದಿನ. ಆ ಶನಿವಾರ ಹತ್ತೊಂಬತ್ತನೆಯ ದಿನ.

ಮರುದಿನ ಅವಳು ಮನೆಯ ಹಿರಿಯನೆದುರು ಕುಳಿತು ಎಲ್ಲವನ್ನೂ ಹೇಳಿದಳು.

ಹಿರಿಯ ಸ್ಪೀಕರ್ ಮುಚ್ಚಿಸಿದ. ಅವಳನ್ನು ನುಡಿಸಲು ಕೂರಿಸಿ, ಉದ್ದಕ್ಕೂ ಚಾಚಿದ ಜಗಲಿಯಲ್ಲಿ ಬಾಗಿಲಿನಿಂದ ಬಾಗಿಲಿಗೆ ಕಿವಿಗೊಡುತ್ತಾ ನಡೆದ. ಇಪ್ಪತ್ಮೂರನ್ನೂ ಮುಗಿಸಿ ಹಿಂತಿರುಗಿದ.

"ಚಾಪೆ ಮೇಲೆ ಮೆಣಸು ಹರವಿದ ಸದ್ದು ಕೇಳಿಸ್ತು. ನಿನ್ನದು ಕೇಳಿಸಲಿಲ್ಲ. ನುಡಿಸು. ಆದರೆ ಒಂದು ಮಾತು, ಮಗಳೇ. ಸತ್ತವನ ಹೆಂಡತಿ ಮಕ್ಕಳ ಕಿವಿಗೆ ಒಂದು ಸ್ವರವೂ ಬೀಳಬಾರದು. ಅವರಿಗೆ ಕಟ್ಟು ಇನ್ನೂ ಬಿಗಿ."

'ಅಜ್ಜಿ ಸಾವಾಯ್‌ಗೆ ಮಕ್ಕಳೆಲ್ಲಿ?' ಎಂದುಕೊಂಡಳು ಮಾಯಾಂಗ್. ರೆಜಾಂಗ್ ನದಿಯ ಆ ಸೀಮೆಯಲ್ಲಿ ಹೆತ್ತವಳನ್ನು ಮಗುವಿನ ಹೆಸರಿನಿಂದ ಕರೆಯುವುದು ರೂಢಿ. ಅವಳ ತಾಯಿಯೇ ಎಲ್ಲರಿಗೂ 'ಇಂದಾಯ್ ಮಾಯಾಂಗ್', ಅಂದರೆ ಮಾಯಾಂಗಳ ಅಮ್ಮ. ಎರಡು ವರ್ಷದ ಹಿಂದೆ ಗಂಡ ಜುಗಿತ್‌ನೊಡನೆ ಸಿಬುವಿನಿಂದ ಬಂದು ನೆಲೆಸಿದ ಸಾವಾಯ್ ಮಾತ್ರ ಬರೀ ಸಾವಾಯ್.

ಹಾಗೆ ಕೆಲಸ ಶುರುವಾಯಿತು. ಜಿಂಬಾತ್ ದಿನವೂ ಮಧ್ಯಾಹ್ನ ಬಂದು ಪುಟ್ಟ ಪೆಟ್ಟಿಗೆಯ ಗುಂಡಿಯ ಮೇಲೆ ಬೆರಳಿಟ್ಟು ಕಂಪ್ಯೂಟರಿನೆದುರು ಕೂರುತ್ತಿದ್ದ.

ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡು ಒಂದೇ ಒಂದು ತಂತಿ ಮೀಟಿದಳು, ಅಷ್ಟೇ... ಮಾಯಾಂಗ್ ಉಸಿರಾಡುವುದನ್ನೇ ಮರೆತಳು!

ಹೊರಗೆ, ತಂತಿಯ ಒಣ ಟಿಕ್ ಬಿಟ್ಟರೆ, ಎಲೆ ಬಿದ್ದರೂ ಕೇಳುವಂಥ ಮೌನ. ಒಳಗೆ, ಅವಳ ಎರಡು ಕಿವಿಗಳ ನಡುವೆ, ಪ್ರವಾಹ ಬಂದ ರೆಜಾಂಗ್ ನದಿ! ಇಷ್ಟು ದೊಡ್ಡದು ಇಷ್ಟು ಚಿಕ್ಕ ವೈರಿನಲ್ಲಿ ಹರಿದು ಬರುವುದೆಂದರೆ...

"ಜಿಂಬಾತ್! ಕೇಳಿ, ಒಂದ್ಸಲ ಕೇಳಿ!" ಅವಳು ಹೆಡ್‌ಫೋನ್ ತೆಗೆದು ಚಾಚಿದಳು.

ಅವನು ಹಿಂದೆ ಸರಿದ. "ಬೇಡ."

"ಕೇಳದೆ ಸದ್ದನ್ನ ಹೇಗೆ ಅಳತೆ ಮಾಡ್ತೀರಿ?"

"ಕಣ್ಣಲ್ಲಿ." ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆಯನ್ನು ತೋರಿಸಿದ. "ಮೇಲ್ಗಡೆ ಸೊನ್ನೆ ಇದೆಯಲ್ಲ, ಅದು ಏನೂ ಇಲ್ಲ ಅನ್ನೋ ಸೊನ್ನೆ ಅಲ್ಲ. ಅದರಿಂದಾಚೆ ಜಾಗ ಇಲ್ಲ ಅಂತ. ನಿಮ್ಮ ಹಾಡೆಲ್ಲಾ ಅದರ ಕೆಳಗೇ ಬದುಕಬೇಕು. ಆರು ಅಂಕ ಇಳಿದ್ರೆ ಸದ್ದಿನ ಅಲೆ ಅರ್ಧ. ಹನ್ನೆರಡು ಇಳಿದ್ರೆ ಕಾಲು. ಎಷ್ಟು ಇಳಿದ್ರೂ ಅರ್ಧದಲ್ಲಿ ಅರ್ಧ ಆಗ್ತಾ ಹೋಗುತ್ತೆ, ಮುಗಿಯೋದಿಲ್ಲ."

"ಮುಗಿಯೋದೇ ಇಲ್ವಾ?"

"ಲೆಕ್ಕದಲ್ಲಿ ಇಲ್ಲ."

ಅವಳು ಆ ಗೆರೆಯನ್ನೇ ಬೆರಗಿನಿಂದ ನೋಡಿದಳು. ಆಮೇಲೆ ಅವನನ್ನು.

ದಿನಗಳು ಸರಿದವು. ಏಳನೆಯ ದಿನ ಅವನು ಅವಳ ಬೆರಳ ತುದಿಯ ಗಾಯಕ್ಕೆ ಮುಲಾಮು ತಂದ. ಹತ್ತನೆಯ ದಿನ ಇಬ್ಬರೂ 'ನೀನು' ಎನ್ನತೊಡಗಿದರು. ಹದಿನಾಲ್ಕನೆಯ ದಿನ ಅವನು ಬರುವುದು ತಡವಾದಾಗ ಅವಳು ಮೂರು ಬಾರಿ ಬಾಗಿಲಿಗೆ ಹೋಗಿ ಬಂದಳು.

ಆದರೆ ದಿನಕ್ಕೊಮ್ಮೆ ಅವಳು ಹೆಡ್‌ಫೋನ್ ಚಾಚುವುದೂ, ದಿನಕ್ಕೊಮ್ಮೆ ಅವನು "ಬೇಡ" ಎನ್ನುವುದೂ ತಪ್ಪಲಿಲ್ಲ.

'ಪಟ್ಟಣದಲ್ಲಿ ಎಂಥೆಂಥವರನ್ನೋ ಕೇಳಿದ ಕಿವಿ. ನನ್ನದನ್ನು ಕೇಳಿ ಏನಾದರೂ ಹೇಳಬೇಕಾಗುತ್ತದಲ್ಲ ಎಂದು ಹೆದರುತ್ತಾನೆ...' ಆ ಯೋಚನೆ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಹದಿನೆಂಟನೆಯ ದಿನ ಹಾಡು ಮುಗಿಯಿತು. ಅವನು ಅದನ್ನು ಪೆನ್‌ಡ್ರೈವಿಗೆ ತುಂಬಿ ಅವಳ ಕೈಗಿಟ್ಟ.

"ನಾಳೆ ದೋಣೀಲಿ ಸಿಬುಗೆ ಹೋಗ್ತಿದೀನಿ," ಎಂದಳು. "ಅದಕ್ಕೆ ಮುಂಚೆ ಒಂದೇ ಒಂದು ಸಲ... ನೀನು ಕೇಳಬೇಕು. ಬೇರೆ ಯಾರಲ್ಲ. ನೀನು."

ಅವನು ಪರದೆಯತ್ತ ತಿರುಗಿದ. "ಆಗಲ್ಲ, ಮಾಯಾಂಗ್."

"ಯಾಕೆ?"

ಅವನು ವೈರು ಸುತ್ತತೊಡಗಿದ.

"ನಿನ್ನ ಕಿವಿಗೆ ನಾನು ಲಾಯಕ್ಕಿಲ್ಲ ಅಂತ ನೇರವಾಗಿ ಹೇಳಿಬಿಡು! ಹದಿನಾಲ್ಕು ದಿನ ಪಕ್ಕದಲ್ಲೇ ಕೂತು, ಒಂದು ಸ್ವರನೂ ಬೇಡ ಅಂದೋನಿಗೆ ಇಲ್ಲಿ ಏನು ಕೆಲಸ? ನಾಳೆಯಿಂದ ಬರಬೇಡ!"

ಅವನು ಪುಟ್ಟ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಎದ್ದುಹೋದ.

* * *

ಸಿಬುವಿನಲ್ಲಿ ಟಿಯೊಂಗ್ ಮಾಮ ಹಾಡನ್ನು ಎರಡು ಬಾರಿ ಕೇಳಿದ. ಮೂರನೆಯ ಬಾರಿ ಕಾಫಿಯ ಲೋಟವನ್ನು ಕೆಳಗಿಟ್ಟ.

"ನುಡಿಸಿದ್ದು ಚೆನ್ನಾಗಿದೆ, ತೊಗೊಂಡೆ. ಆದರೆ ಸದ್ದಿನ ಅಳತೆ ಮಾಡಿದೋನು ಯಾರು?"

"ಯಾಕೆ, ಕೆಟ್ಟಿದೆಯಾ?"

"ಕೆಟ್ಟಿದೆಯಾ ಅಂತೆ! ಇಲ್ಲಿ ನೋಡು. ನಾಲ್ಕು ಕಡೆ ಜೋರಾಗಿ ಹೊಡೆದಿದೀಯ. ನಾಲ್ಕೂ ಕಡೆ, ಹೊಡೆಯೋಕೆ ಅರ್ಧ ಕ್ಷಣ ಮೊದಲೇ ಸದ್ದಿನ ಗುಂಡಿ ಇಳಿದಿದೆ. ಕೇಳಿಸಿಕೊಂಡು ಇಳಿಸೋನು ಹೊಡೆದಮೇಲೆ ಇಳಿಸ್ತಾನೆ. ಇವನು ಮೊದಲೇ ಇಳಿಸಿದಾನೆ!"

"ಹಾಡು ಬಾಯಿಪಾಠ ಆಗಿರಬೇಕು..."

"ಅದೂ ಅಲ್ಲ. ಮೂರನೇ ಕಡೆ ನೀನು ಒಂದು ತಾಳ ಮುಂಚೆ ನುಗ್ಗಿದೀಯ. ಅವನೂ ಒಂದು ತಾಳ ಮುಂಚೆ! ನಲವತ್ತು ವರ್ಷದಿಂದ ಈ ಕುರ್ಚಿ ಮೇಲಿದೀನಿ, ಇಂಥ ಕಿವಿ ನೋಡಿಲ್ಲ."

"ಮಾಮಾ... ಅವನು ಒಂದು ಸ್ವರನೂ ಕೇಳಿಲ್ಲ."

ಟಿಯೊಂಗ್ ಮಾಮ ಕನ್ನಡಕ ತೆಗೆದು ಅವಳನ್ನು ದಿಟ್ಟಿಸಿದ. "ಹಾಗಾದ್ರೆ ಅವನು ಕಾದು ಕೂತಿದ್ದು ಹಾಡಿಗಲ್ಲ ಕಣಮ್ಮ. ನಿನ್ನ ಭುಜ ಯಾವಾಗ ಏರುತ್ತೆ, ಉಸಿರು ಯಾವಾಗ ನಿಲ್ಲುತ್ತೆ ಅಂತ."

ಹಿಂದಿರುಗುವ ದೋಣಿಯಲ್ಲಿ ಮಾಯಾಂಗಳಿಗೆ ಎಂಜಿನ್ನಿನ ಅಬ್ಬರವೂ ಕೇಳಿಸಲಿಲ್ಲ. ಒಬ್ಬಳನ್ನು ಅಷ್ಟು ಗಮನವಿಟ್ಟು ನೋಡಬಲ್ಲವನು ಅವಳ ಹಾಡನ್ನು ಏಕೆ ಕೇಳಲಾರ?

ದೋಣಿಯಿಂದ ಇಳಿದವಳು ನೇರ ಹದಿನೆಂಟನೆಯ ಬಾಗಿಲಿಗೆ ಹೋದಳು. ಜಿಂಬಾತ್ ಮೆಣಸಿನ ತೋಟಕ್ಕೆ ಹೋಗಿದ್ದ. ಸಾವಾಯ್ ಒಬ್ಬಳೇ ಚಾಪೆ ಹೆಣೆಯುತ್ತಿದ್ದಳು.

"ಅಜ್ಜೀ, ಅವನಿಗೆ ನನ್ನ ಮೇಲೆ ಏನು ಕೋಪ? ನನ್ನ ಹಾಡು ಯಾಕೆ ಕೇಳಲ್ಲ?"

"ಕೇಳೋ ಹಾಗಿಲ್ವಲ್ಲ, ಮಗು. ಅವನು ಮಗ."

"ಮಗ? ಮೈದುನನ ಮಗ ಅಲ್ವಾ?"

ಮುದುಕಿಯ ಬೆರಳು ನಿಂತಿತು. "ಏಳು ವರ್ಷದವನಿದ್ದಾಗ ಅವನ ಅಪ್ಪ ಅಮ್ಮ ನದಿ ಪಾಲಾದ್ರು. ನಾವು ನಾಲ್ಕು ಜನರ ಮುಂದೆ ದತ್ತು ತೊಗೊಂಡ್ವಿ, ಸಿಬುನಲ್ಲಿ. ಇಲ್ಲಿನೋರಿಗೆ ಗೊತ್ತಿಲ್ಲ. ಅಪ್ಪ ಅನ್ನೋಕೆ ಅವನಿಗೆ ನಾಲಗೆ ಹೊರಳಲಿಲ್ಲ, ದೊಡ್ಡಪ್ಪ ಅಂತಾನೇ ಕರೆದ. ನಾವೂ ಬಲವಂತ ಮಾಡಲಿಲ್ಲ. ಅವನೇ ಅಮ್ಮ ಅನ್ನದಿದ್ದಾಗ ನಾನು ಹೇಗೆ ಊರಿಗೆಲ್ಲ 'ಇಂದಾಯ್ ಜಿಂಬಾತ್' ಅಂತ ಕರೀರಿ ಅನ್ನಲಿ?"

ಮಾಯಾಂಗಳ ಕಣ್ಣು ತುಂಬಿತು.

"ನಮ್ಮನೆಯವರ ಕಡೇ ದಿನ ಇವನು ದೋಣೀಲಿದ್ದ. ಬರೋ ಹೊತ್ತಿಗೆ ಮುಗಿದಿತ್ತು. ಅಪ್ಪ ಅನ್ನೋಕೆ ಬಂದಿದ್ದೆ ಅಂತ ಹೆಣದ ಮುಂದೆ ಅತ್ತ. ಮಾತಿನಲ್ಲಿ ಆಗಲಿಲ್ಲ, ಮೂವತ್ತು ದಿನ ಮಗನ ಹಾಗೆ ಶೋಕ ಹಿಡೀತೀನಿ ಅಂದ. ಯಾರಿಗೂ ಹೇಳಬೇಡ, ಹೇಳಿಕೊಂಡ್ರೆ ಅದು ತೋರಿಕೆ ಆಗುತ್ತೆ ಅಂದ."

'ನನ್ನ ಹಾಡಿಗೆ ಇಷ್ಟು ಹತ್ತಿರ ಕೂತು... ಹದಿನಾಲ್ಕು ದಿನ!' ಮಾಯಾಂಗ್ ಮುದುಕಿಯ ಪಕ್ಕದಲ್ಲಿ ಕುಳಿತಳು. ಅವಳಿಗೆ ಬಂದದ್ದು ಬರೀ ಅಳುವಲ್ಲ, ಒಂದು ಬಗೆಯ ಭಯಭಕ್ತಿ.

ಸಂಜೆ ತೋಟದ ದಾರಿಯಲ್ಲಿ ಅವನಿಗೆ ಎದುರಾದಳು. "ಬರಬೇಡ ಅಂದಿದ್ದು ನನ್ನ ತಪ್ಪು," ಎಂದಷ್ಟೇ ಹೇಳಿ, ಅವನ ಹೊರೆಯಲ್ಲಿ ಅರ್ಧ ಇಳಿಸಿಕೊಂಡು ತನ್ನ ಬೆನ್ನಿಗೇರಿಸಿದಳು.

"ಭಾರ ಇದೆ," ಎಂದ.

"ಇರಲಿ. ಅರ್ಧ ನನ್ನದು."

ಉಳಿದ ಹನ್ನೊಂದು ದಿನ ಅವಳೂ ಗಿಟಾರ್ ಮುಟ್ಟಲಿಲ್ಲ.

* * *

ಮೂವತ್ತನೆಯ ದಿನ ಬೆಳಿಗ್ಗೆ ಹಿರಿಯ ಜಗಲಿಯ ನಡುವೆ ನಿಂತು ಶೋಕದ ದಾರವನ್ನು ಕತ್ತರಿಸಿದ. ಜಾಗಟೆ ಒಮ್ಮೆ ಮೊಳಗಿತು. ಜಿಂಬಾತ್ ಸಾವಾಯ್‌ಳ ಮುಂದೆ ಮಂಡಿಯೂರಿದ. ಎಲ್ಲರ ಕಣ್ಣೂ ಅವನ ಮೇಲಿತ್ತು.

"ಅಮ್ಮ," ಎಂದ. ಹತ್ತೊಂಬತ್ತು ವರ್ಷ ತಡೆದು ಬಂದ ಒಂದು ಮಾತು. ಮುದುಕಿ ಅವನ ತಲೆಯನ್ನು ಎದೆಗೊತ್ತಿಕೊಂಡಳು.

ಮಾಯಾಂಗಳ ತಾಯಿ ಮೂಗು ಒರೆಸಿಕೊಂಡು ಎಲ್ಲರಿಗೂ ಕೇಳುವಂತೆ ಕರೆದಳು: "ಬಾರಮ್ಮ, ಇಂದಾಯ್ ಜಿಂಬಾತ್, ತುವಾಕ್ ಹೆಂಡ ಕಾಯ್ತಿದೆ. ಮಗನ್ನ ಆಮೇಲೆ ಮುದ್ದು ಮಾಡುವಿಯಂತೆ!"

ಎಲ್ಲರ ನಗುವಿನ ನಡುವೆಯೇ ಮಾಯಾಂಗ್ ಆಂಪ್ಲಿಫೈಯರನ್ನು ಜಗಲಿಗೆ ಎತ್ತಿ ತಂದಳು. ಹಿಂದಿನ ವೈರನ್ನು ಕಿತ್ತಳು. ಸ್ಪೀಕರ್ ಬಾಯಿ ತೆರೆಯಿತು. ಜಿಂಬಾತ್‌ನನ್ನು ಎದುರಿಗೆ ಚಾಪೆಯ ಮೇಲೆ ಕೂರಿಸಿ, ಅವಳು ಮೊದಲ ತಂತಿ ಮೀಟಿದಳು.

ನೆಲದ ಹಲಗೆಗಳು ನಡುಗಿದವು. ಇಪ್ಪತ್ಮೂರು ಬಾಗಿಲುಗಳಿಂದ ಜನ ಹೊರಗೆ ಬಂದರು. ಜಿಂಬಾತ್ ಅಲುಗಲಿಲ್ಲ, ರೆಪ್ಪೆಯನ್ನೂ ಮಿಟುಕಿಸಲಿಲ್ಲ. ಹಾಡು ಮುಗಿದು ಬಹಳ ಹೊತ್ತಾದ ಮೇಲೂ ಹಾಗೇ ಕುಳಿತಿದ್ದ. ಕೆನ್ನೆ ಒದ್ದೆಯಾಗಿತ್ತು.

ಅವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಹೇಗಿತ್ತು?"

"ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ... ಪರದೇಲಿ ಎರಡು ಬೆರಳಗಲ ಇತ್ತು!"

"ಕೇಳದೇ ಇದ್ದಾಗ ಏನಂದುಕೊಂಡಿದ್ದೆ?"

"ಏನೂ ಅಂದುಕೊಳ್ಳಲಿಲ್ಲ. ನಿನ್ನ ನೋಡ್ತಿದ್ದೆ. ನೋಡೋದೇ ಸಾಕಾಗಿತ್ತು." ಅವನು ತಡವರಿಸಿದ. "ಮಾಯಾಂಗ್... ಒಮ್ಮೆ ಹೇಳೋಕೆ ತಡ ಮಾಡಿ ಕೆಟ್ಟೆ. ಇನ್ನೊಮ್ಮೆ ಮಾಡಲ್ಲ. ನೀನು ಅಂದ್ರೆ ನನಗೆ ಪ್ರಾಣ."

ಅವಳು ತಲೆ ತಗ್ಗಿಸಿದಳು. ನಗು ಮಾತ್ರ ಅಡಗಲಿಲ್ಲ. "ಮದುವೆ ಆದಮೇಲೆ ಯಾರ ಬಿಡಾರ ಅಂತ ಮೊದಲೇ ತೀರ್ಮಾನ ಆಗಬೇಕಲ್ಲ, ನಮ್ಮಲ್ಲಿ. ನೀನು ನಮ್ಮನೆಗೆ ಬರ್ತೀಯೋ, ನಾನು ನಿಮ್ಮನೆಗೆ ಬರಬೇಕೋ?"

"ನೀನೇ ಬಾ," ಎಂದ, ಸಾವಾಯ್ ಕಡೆ ನೋಡುತ್ತಾ. "ಅಮ್ಮ ಒಬ್ಬಳೇ ಆಗಿಬಿಡ್ತಾಳೆ."

"ಬರ್ತೀನಿ," ಎಂದಳು ಮಾಯಾಂಗ್. "ಆದರೆ ನಮ್ಮಮ್ಮನಿಗೆ ನೀನೇ ಹೇಳು. ನನಗೆ ಧೈರ್ಯ ಇಲ್ಲ."